ವಿಡಿಯೋ ಆಟ ಮತ್ತು ಮನೆಯ ಮಿತವ್ಯಯ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಹಾಸಿಗೆಯ ಅಳತೆಯನ್ನೇ ಮರೆಸುವ ವ್ಯಾಪಾರವೊಂದು ಈಗ ಮನೆಮನೆಯ ಮೊಬೈಲಿನಲ್ಲಿದೆ.

ಕಳೆದ ವರ್ಷ ನನ್ನ ತಮ್ಮನು ‘ಉಚಿತ’ವೆಂಬ ಆಟವೊಂದನ್ನು ತಂದೆಯವರ ಮೊಬೈಲಿನಲ್ಲಿ ಆಡತೊಡಗಿದನು. ಯು.ಪಿ.ಐ. ಪಿನ್ ಅವನಿಗೆ ಗೊತ್ತಿತ್ತು. ಆಟದ ವೀರನ ಉಡುಪಿಗೆ, ಬಂದೂಕಿನ ಬಣ್ಣಕ್ಕೆ ಎಂದು ಸ್ವಲ್ಪ ಸ್ವಲ್ಪವಾಗಿ 800 ರೂಪಾಯಿ ಹೋಯಿತು. ಅದು ನನ್ನ ಪರೀಕ್ಷಾ ಶುಲ್ಕಕ್ಕೆಂದು ಇಟ್ಟ ಹಣ. ಗಾರೆ ಕೆಲಸದ ನಮ್ಮ ತಂದೆಯ ಒಂದು ದಿನದ ಕೂಲಿ. ಅವರು ಬೈಯಲಿಲ್ಲ. “ಓದಿದವಳು ನೀನು, ಇದು ಹೇಗಾಯಿತು ಹೇಳಮ್ಮ” ಎಂದರು. ಉತ್ತರಿಸಲಾರದೆ ನಾಚಿದೆನು. ಬಳಿಕ ವಿಚಾರಿಸಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಒಳಗೆ ಪದೇಪದೇ ಹಣ ಕೇಳುವ ಉಚಿತ ಆಟಕ್ಕಿಂತ, ಒಮ್ಮೆ ಬೆಲೆ ಕೊಟ್ಟರೆ ಮುಗಿಯುವ ಆಟವೇ ಎಷ್ಟೋ ಸಲ ಅಗ್ಗ. ಎರಡನೆಯದಾಗಿ, ಪಿನ್ ಹಿರಿಯರಲ್ಲೇ ಇರಬೇಕು. ಗೂಗಲ್ ಪ್ಲೇಯಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಮೂರನೆಯದಾಗಿ, ಕಂಪ್ಯೂಟರ್ ಉಳ್ಳವರು ಸ್ಟೀಮ್‌ನಲ್ಲಿ ಒಂದೇ ಮನೆಯ 6 ಮಂದಿಯವರೆಗೆ ಆಟಗಳನ್ನು ಹಂಚಿಕೊಳ್ಳಬಹುದು. ಎಪಿಕ್ ಅಂಗಡಿಯು 2018ರಿಂದ ಬೆಲೆಯುಳ್ಳ ಆಟಗಳನ್ನೂ ಕೆಲವು ದಿನಗಳ ಮಟ್ಟಿಗೆ ಉಚಿತವಾಗಿ ಕೊಡುತ್ತ ಬಂದಿದೆ. ಆ ದಿನಗಳಲ್ಲಿ ಪಡೆದ ಆಟ ನಮ್ಮ ಖಾತೆಯಲ್ಲೇ ಉಳಿಯುತ್ತದೆ.

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಆದರೆ ಉಡುಪು, ಬಣ್ಣಗಳ ಈ ಚಿಲ್ಲರೆ ಖರ್ಚಿಗೆ ಕಾವಲು ಮನೆಯವರೇ.

ಈಗ ತಮ್ಮನ ಆಟಕ್ಕೆ ತಿಂಗಳಿಗೆ 50 ರೂಪಾಯಿ ಡಬ್ಬಿಗೆ ಬೀಳುತ್ತದೆ. ಲೆಕ್ಕ ಬರೆಯುವವನು ಅವನೇ. ಎರಡು ತಿಂಗಳಿಂದ ಡಬ್ಬಿಯನ್ನು ಅವನು ತೆರೆದಿಲ್ಲ.