ಗರ್ಭಿಣಿಗೆ ಬಿಡದ ಕೆಮ್ಮು: ವ್ಯಾಲಿ ಫೀವರ್ ಇರಬಹುದೇ?

ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾದ ಒಣ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಅದರ ಕಣಗಳು ದೂಳಿನ ಜೊತೆ ಶ್ವಾಸಕೋಶಕ್ಕೆ ಇಳಿದಾಗ ಬರುವುದೇ ವ್ಯಾಲಿ ಫೀವರ್. ಬಹುತೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ತುಂಬು ಗರ್ಭಿಣಿಯರಲ್ಲಿ ಮತ್ತು ಹಸಿ ಬಾಣಂತಿಯರಲ್ಲಿ ಅದು ಚರ್ಮ, ಮೂಳೆ, ಮಿದುಳಿನ ಪೊರೆಗೂ ಹರಡುವ ಅಪಾಯ ಹೆಚ್ಚು. ಅರಿಜೋನಾದ ಫೀನಿಕ್ಸ್ ಕಡೆಯಿಂದ ಹೆರಿಗೆಗೆ ತವರಿಗೆ ಬರುವವರು ಇದನ್ನು ತಿಳಿದಿರಲೇಬೇಕು.

ಮೊದಲು ಅನುಮಾನ ಬರಬೇಕು. ಸೋಂಕು ತಗುಲಿದ 1ರಿಂದ 3 ವಾರಗಳಲ್ಲಿ ಜ್ವರ, ಕೆಮ್ಮು, ಎದೆನೋವು, ಕೀಲುನೋವು, ರಾತ್ರಿ ಬೆವರು, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಬಸುರಿಗೆ ಸುಸ್ತು ಇದ್ದದ್ದೇ ಎಂದು ಮನೆಯವರು ಸುಮ್ಮನಾಗಬಾರದು. ನಮ್ಮಲ್ಲಿ ಇಂಥ ಕೆಮ್ಮಿಗೆ ವೈದ್ಯರು ಮೊದಲು ಕ್ಷಯವನ್ನೇ ನೆನೆಯುತ್ತಾರೆ. ಅದು ಸರಿಯೇ, ಆ ಪರೀಕ್ಷೆಯೂ ಆಗಲಿ. ಆದರೆ ನೀವು ಎಲ್ಲಿದ್ದಿರಿ ಎಂಬುದನ್ನು ನೀವೇ ಹೇಳದಿದ್ದರೆ ಈ ಕಾಯಿಲೆ ಅವರಿಗೆ ಹೊಳೆಯುವುದು ಕಷ್ಟ.

ಪರೀಕ್ಷೆ. ರಕ್ತದಲ್ಲಿ ಪ್ರತಿಕಾಯಗಳನ್ನು ನೋಡುತ್ತಾರೆ. ಆರಂಭದಲ್ಲಿ ನೆಗೆಟಿವ್ ಬಂದರೂ ಅನುಮಾನ ಉಳಿದಿದ್ದರೆ ಮತ್ತೆ ಮಾಡಿಸಬೇಕು. ಎದೆಯ ಎಕ್ಸ್-ರೇಗೆ ಹೆದರಬೇಡಿ. ಮಗುವಿಗೆ ತಲುಪುವ ವಿಕಿರಣ ತೀರಾ ಅತ್ಯಲ್ಪ. ಕಫ ಕಳಿಸುವಾಗ ಲ್ಯಾಬಿನವರಿಗೆ ಈ ಅನುಮಾನ ತಿಳಿಸಲು ವೈದ್ಯರನ್ನು ಕೇಳಿ, ಬೆಳೆಸಿದ ಶಿಲೀಂಧ್ರ ಅಲ್ಲಿನ ಸಿಬ್ಬಂದಿಗೆ ಅಪಾಯಕಾರಿ. ತಲೆನೋವು ಬಿಡದಿದ್ದರೆ ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕಾಗಬಹುದು.

ಚಿಕಿತ್ಸೆ ತಿಂಗಳನ್ನು ನೋಡಿಕೊಂಡು. ಸಾಮಾನ್ಯವಾಗಿ ಕೊಡುವ ಮಾತ್ರೆ ಫ್ಲುಕೊನಜೋಲ್. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 400ರಿಂದ 800 ಮಿಲಿಗ್ರಾಂನಷ್ಟು ದೀರ್ಘಕಾಲ ನುಂಗಿದರೆ ಮಗುವಿನಲ್ಲಿ ಜನ್ಮದೋಷ ಕಾಣಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಆ ಅವಧಿಯಲ್ಲಿ ಔಷಧ ಬೇಕೇಬೇಕಾದರೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ಆಂಫೊಟೆರಿಸಿನ್ ಬಿ ಕೊಡುತ್ತಾರೆ. ಜೊತೆಗೆ ಮೂತ್ರಪಿಂಡ, ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟಿರುತ್ತಾರೆ. ಸೋಂಕು ಸೌಮ್ಯವಾಗಿದ್ದರೆ ಔಷಧವಿಲ್ಲದೆ ನಿಗಾ ವಹಿಸುವುದೂ ಉಂಟು. ಮೂರು ತಿಂಗಳು ಕಳೆದ ಮೇಲೆ ಫ್ಲುಕೊನಜೋಲ್ ಮಾತ್ರೆಯನ್ನು ಪರಿಗಣಿಸಬಹುದು. ಇದನ್ನು ಹೆರಿಗೆ ವೈದ್ಯರೂ ಸೋಂಕುರೋಗ ತಜ್ಞರೂ ಕೂತು ನಿರ್ಧರಿಸಬೇಕು. ಮಾತ್ರೆ ನಡೆಯುತ್ತಿದ್ದಾಗಲೇ ಗರ್ಭಿಣಿ ಎಂದು ತಿಳಿದರೆ ನೀವಾಗಿ ಬಿಡಬೇಡಿ, ಅಂದೇ ವೈದ್ಯರಿಗೆ ಫೋನ್ ಮಾಡಿ.

ಹಿಂದೆ ಈ ಜ್ವರ ಬಂದು ಹೋದವರೂ ಮೊದಲ ತಪಾಸಣೆಯಲ್ಲೇ ಅದನ್ನು ಹೇಳಬೇಕು. ಹೆರಿಗೆಯವರೆಗೆ 6ರಿಂದ 12 ವಾರಗಳಿಗೊಮ್ಮೆ ರಕ್ತಪರೀಕ್ಷೆ ನಡೆಯಬೇಕು.

ಇದು ಕೆಮ್ಮಿನಿಂದ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಬಾಣಂತಿಯನ್ನು ಮಗುವಿನಿಂದ ದೂರ ಮಲಗಿಸಬೇಕಿಲ್ಲ. ಫ್ಲುಕೊನಜೋಲ್ ತೆಗೆದುಕೊಳ್ಳುತ್ತಿದ್ದರೂ ಸಾಮಾನ್ಯವಾಗಿ ಎದೆಹಾಲು ಕುಡಿಸಬಹುದು.