ಟರ್ಮಿನಲ್ಲಿನೊಳಗೊಂದು ವ್ಯಾಕರಣ

ತಂತ್ರಾಂಶ ರಚಿಸುವವರಲ್ಲಿ ಹಲವರು ಮೌಸನ್ನು ಬದಿಗಿರಿಸಿ, ಬರಿಯ ಅಕ್ಷರಗಳ ತೆರೆಯಾದ ಟರ್ಮಿನಲ್ಲನ್ನೇ ಇಂದಿಗೂ ಆಶ್ರಯಿಸುವುದೇಕೆಂಬುದು ವಿಚಾರಾರ್ಹವಾದುದು. 1976ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಅವರು 'ವಿಐ' ಎಂಬ ಬರಹ ತಿದ್ದುವ ಸಾಧನವನ್ನು ನಿರ್ಮಿಸಿದಾಗ, ಅವರ ಮನೆಯ ದೂರವಾಣಿ ತಂತಿಯಲ್ಲಿ ಸೆಕೆಂಡಿಗೆ ಸುಮಾರು 30 ಅಕ್ಷರಗಳಷ್ಟೇ ಸಾಗುತ್ತಿದ್ದುವು. ಆದುದರಿಂದ ಆಜ್ಞೆಗಳು ಒಂದೊಂದು ಅಕ್ಷರಕ್ಕಿಳಿದುವು.

ಈ ಸಂಕ್ಷೇಪಕ್ಕಿಂತಲೂ ಅದರ ಅನ್ವಯಕ್ರಮವೇ ವ್ಯಾಕರಣಾಭ್ಯಾಸಿಗಳಿಗೆ ಹೆಚ್ಚು ರುಚಿಸುವಂತಹುದು. 'ಡಿ' ಎಂಬುದು ಅಳಿಸುವ ಕ್ರಿಯೆ. 'ಡಬ್ಲ್ಯೂ' ಎಂಬುದು ಪದವೆಂಬ ಕರ್ಮ. ನಡುವೆ 3 ಎಂಬ ಸಂಖ್ಯೆಯನ್ನಿಟ್ಟರೆ ಮೂರು ಪದಗಳು ಅಳಿಯುತ್ತವೆ. ಕ್ರಿಯಾಪದ ಮೊದಲಿಗೆ ಬರುವುದು ಕನ್ನಡಿಗರ ಕಿವಿಗೆ ತುಸು ವಿಚಿತ್ರವೇ ಸರಿ! ಆದರೂ ಹತ್ತು ಕ್ರಿಯೆ, ಹತ್ತು ಕರ್ಮಗಳನ್ನರಿತವನಿಗೆ ನೂರು ವಾಕ್ಯಗಳು ಕೈವಶವಾಗುತ್ತವೆ.

ಇದರೊಡನೆ 'ಟಿಮಕ್ಸ್' ಇದ್ದರೆ ತೆರೆಯನ್ನು ಹಲವು ಅಂಕಣಗಳಾಗಿ ವಿಭಾಗಿಸಬಹುದು. ದೂರದ ಯಂತ್ರದಲ್ಲಿ ಅದನ್ನು ನಡೆಸಿದ್ದರೆ, ಸಂಪರ್ಕ ಕಡಿದರೂ ಅಲ್ಲಿನ ಕೆಲಸ ನಿಲ್ಲದು. 2005ರಲ್ಲಿ ಬಂದ 'ಗಿಟ್' ಬದಲಾವಣೆಗಳ ಲೆಕ್ಕವಿಡುತ್ತದೆ.

ಆದರೆ ಕಲಿಯುವವರು ಅನ್ಯರು ಬರೆದ ನೂರಾರು ಸಾಲುಗಳ ವಿನ್ಯಾಸ ಕಡತವನ್ನು ಅರ್ಥವರಿಯದೆ ನಕಲು ಮಾಡಿಕೊಳ್ಳುವುದುಂಟು. ಇದು ಧಾತುವನ್ನರಿಯದೆ ರೂಪಾವಳಿಯನ್ನು ಕಂಠಪಾಠ ಮಾಡಿದಂತೆ. ಒಂದು ಸಾಲು ಕೆಟ್ಟರೆ ತಿದ್ದುವ ಬಗೆ ತೋರದು. ನಿತ್ಯದ ಕೆಲಸದಲ್ಲಿ ಮತ್ತೆ ಮತ್ತೆ ಬೇಕೆನಿಸಿದುದನ್ನಷ್ಟೇ ವಿದ್ಯಾರ್ಥಿಯು ಒಂದೊಂದೇ ಸಾಲಾಗಿ ತಾನೇ ಬರೆದು ಸೇರಿಸತಕ್ಕದ್ದು. ಮೊದಲ ತಿಂಗಳಿಗೆ ಹತ್ತು ಸಾಲುಗಳು ಧಾರಾಳವಾಯಿತು.