ಟಿವಿ ಸತ್ತಿಲ್ಲ, ಟ್ಯೂನರ್ ಸತ್ತಿದೆ

ನಮ್ಮ ಗುಂಪಿನಲ್ಲಿ ಯಡ್ರಾಮಿಯವನೊಬ್ಬ ಇದ್ದಾನೆ. ಕಮ್ಯುನಿಕೇಶನ್ ಲ್ಯಾಬಿನಲ್ಲಿ ಮಾಡ್ಯುಲೇಶನ್ ಪ್ರಯೋಗ ನಡೆಯುತ್ತಿದ್ದ ದಿನ ಅವನು ತಮ್ಮ ಮನೆಯ ಹಳೇ ಟಿವಿ ಕಥೆ ಹೇಳಿದ. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ನಾವು ನಾಲ್ಕು ಸೆಮಿಸ್ಟರ್ ಓದಿದ್ದರಲ್ಲಿ ಅರ್ಧ ಆ ಕಥೆಯಲ್ಲೇ ಇತ್ತು. ಇನ್ನರ್ಧ ನಮ್ಮ ಸಿಲಬಸ್ಸಿನಲ್ಲೇ ಇಲ್ಲ. ಅದಕ್ಕೇ ಈ ಲೇಖನ.

2016ರ ಡಿಸೆಂಬರ್. ನೋಟು ರದ್ದಾಗಿ ಒಂದು ತಿಂಗಳಾಗಿತ್ತು. ಅವನಾಗ ಐದನೇ ಕ್ಲಾಸು. ಅಪ್ಪನ ಜೊತೆ ಕಲಬುರಗಿಗೆ ಹೋದವನು ಒಂದು ರಿಪೇರಿ ಅಂಗಡಿಯಲ್ಲಿ 20 ಇಂಚಿನ ಕಲರ್ ಟಿವಿ ನೋಡಿದ. ತೊಂಬತ್ತರ ದಶಕದ್ದು, ದೊಡ್ಡ ಬೆನ್ನಿನದು. ಬೆಲೆ 1,800. ಅಂಗಡಿಯವರು ಕೇಬಲ್ ಚುಚ್ಚಿ ತೋರಿಸಿದರು.

"ನೋಡ್ರಿ ಅಣ್ಣಾರ, ಕನ್ನಡಿ ಇದ್ದಂಗ ಬರ್ತದ."

"ಮತ್ತ ಈಗ ಬಾಕ್ಸ್ ಹಚ್ಚಬೇಕು, ಬಾಕ್ಸ್ ಹಚ್ಚಬೇಕು ಅಂತಾರಲ್ರೀ, ಅದೇನು?"

"ಅದೆಲ್ಲಾ ದೊಡ್ಡ ಊರಿಗ್ರೀ. ನಿಮ್ಮ ಹಳ್ಳಿಗಿ ಬರೂದ್ರಾಗ ಹತ್ತ ವರ್ಷ ಹಿಡಿತದ."

ಹತ್ತು ವರ್ಷ ಹಿಡಿಯಲಿಲ್ಲ. ಮೇ ತಿಂಗಳ ಒಂದು ಸಂಜೆ ಪರದೆ ತುಂಬ ಚುಕ್ಕಿ ಚುಕ್ಕಿ, ಸರ್ರ್ ಅನ್ನೋ ಸದ್ದು. ಅಪ್ಪ ಟಿವಿ ಕೆಟ್ಟಿತು ಅಂದುಕೊಂಡರು. ಎರಡು ಸಲ ತಲೆ ಮೇಲೆ ತಟ್ಟಿದರು. (ನಮ್ಮೆಲ್ಲರ ಮನೆಯಲ್ಲೂ ಮೊದಲ ರಿಪೇರಿ ಅದೇ.)

ಟಿವಿ ಕೆಟ್ಟಿರಲಿಲ್ಲ. ಅಲ್ಲಿಂದ ಪಾಠ ಶುರು.

ಹಳೇ ಟಿವಿ ಅಂದರೆ ಒಂದೇ ಡಬ್ಬಿಯಲ್ಲಿ ಕೂತ ಎರಡು ಯಂತ್ರ. ಒಂದು ರಿಸೀವರ್, ಇನ್ನೊಂದು ಪರದೆ. ಹಿಂದಿನ ಆಂಟೆನಾ ತೂತಿನಿಂದ ಬರುವ ನೂರಾರು ಮೆಗಾಹರ್ಟ್ಸ್ ಸಿಗ್ನಲ್‌ಗಳಲ್ಲಿ ಬೇಕಾದ ಒಂದನ್ನು ಆರಿಸಿ ಕೆಳಗಿನ ಆವರ್ತನಕ್ಕೆ ಇಳಿಸುವುದು ಟ್ಯೂನರ್. ಅದರಿಂದ ಚಿತ್ರ ಮತ್ತು ಸದ್ದನ್ನು ಬಿಡಿಸುವುದು ಅದರ ಹಿಂದಿನ ಸರ್ಕ್ಯೂಟ್. ನಮ್ಮಲ್ಲಿದ್ದದ್ದು ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಚಿತ್ರಕ್ಕೆ ವೆಸ್ಟಿಜಿಯಲ್ ಸೈಡ್‌ಬ್ಯಾಂಡ್ ಎಎಂ, ಸದ್ದಿಗೆ ಎಫ್‌ಎಂ. ವಿಎಚ್‌ಎಫ್‌ನಲ್ಲಿ ಒಂದೊಂದು ಚಾನೆಲ್ 7 ಮೆಗಾಹರ್ಟ್ಸ್ ಜಾಗ ತಿನ್ನುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಚಿತ್ರ ಹೋಗುವುದು ಎರಡನೇ ಯಂತ್ರಕ್ಕೆ, ಅಂದರೆ ಪಿಕ್ಚರ್ ಟ್ಯೂಬಿಗೆ.

ಡಿಜಿಟಲ್ ಕೇಬಲ್ ಬಂದಾಗ ಅದೇ ತಂತಿಯಲ್ಲಿ ಕ್ಯೂಎಎಂ ಸಿಗ್ನಲ್ ಬರಲು ಶುರುವಾಯಿತು. 8 ಮೆಗಾಹರ್ಟ್ಸ್ ಜಾಗದಲ್ಲಿ 64-ಕ್ಯೂಎಎಂ ಹಾಕಿದರೆ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹೋಗುತ್ತದೆ. ಮೊದಲು ಒಂದು ಚಾನೆಲ್ ಕೂತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು. ಹಳೇ ಟ್ಯೂನರಿಗೆ ಈ ಭಾಷೆಯೇ ಗೊತ್ತಿಲ್ಲ, ಅದಕ್ಕೆ ಇದೆಲ್ಲ ಬರೀ ಗದ್ದಲ. ಪರದೆ ಮಾತ್ರ ಮೊದಲಿನ ಹಾಗೇ ಗಟ್ಟಿ. ಸೆಟ್‌ಟಾಪ್ ಬಾಕ್ಸ್ ಅಂದರೆ ಮನೆಯ ಹೊರಗೆ ಕೊಂಡು ತಂದ ಹೊಸ ಟ್ಯೂನರ್, ಅಷ್ಟೆ. ಅದು ಬಿಡಿಸಿ ಕೊಟ್ಟ ಚಿತ್ರವನ್ನು ಹಳದಿ ಪಿನ್ನಿನಿಂದ, ಸದ್ದನ್ನು ಬಿಳಿ-ಕೆಂಪು ಪಿನ್ನಿನಿಂದ ಟಿವಿಯೊಳಗೆ ಕಳಿಸಿದರೆ ಸತ್ತ ಟ್ಯೂನರಿನ ಗೊಡವೆಯೇ ಇಲ್ಲ.

ಹಾಗಾಗಿ ಅವತ್ತು ಸೆಕೆಂಡ್ ಹ್ಯಾಂಡ್ ಟಿವಿಯ ಬೆಲೆ ನಿಂತಿದ್ದು ಹಿಂದೆ ಆ ಹಳದಿ ತೂತು ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಯಡ್ರಾಮಿಗೆ ಹೋದ ಟಿವಿಯಲ್ಲಿ ಅದು ಇರಲಿಲ್ಲ. ಆಂಟೆನಾ ತೂತು ಒಂದೇ.

ಇಂಥ ಟಿವಿಗೂ ದಾರಿ ಇದೆ. ಆರ್‌ಎಫ್ ಮಾಡ್ಯುಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ. ಬಾಕ್ಸಿನ ಚಿತ್ರವನ್ನು ವಾಪಸ್ ಹಳೇ ಅನಲಾಗ್ ಚಾನೆಲ್ ಮಾಡಿ ಆಂಟೆನಾ ತೂತಿಗೆ ಕೊಡುವುದು ಅದರ ಕೆಲಸ. ಅಂದರೆ ಡಿಜಿಟಲ್ಲಿನಿಂದ ಚಿತ್ರ ತೆಗೆದು, ಮತ್ತೆ ಅನಲಾಗ್ ಮಾಡಿ, ಟಿವಿಯೊಳಗೆ ಮತ್ತೆ ಬಿಡಿಸುವುದು. ಸುತ್ತಿ ಬಳಸಿ ಮೂಗು ಹಿಡಿದ ಹಾಗೆ, ಆದರೆ ನಡೆಯುತ್ತದೆ. ಮನೆಯಲ್ಲಿ ಹಳೇ ವಿಸಿಆರ್ ಇದ್ದವರು ಅದನ್ನೇ ಈ ಕೆಲಸಕ್ಕೆ ಹಚ್ಚಬಹುದು, ಯಾಕಂದರೆ ಅದರೊಳಗೂ ಒಂದು ಮಾಡ್ಯುಲೇಟರ್ ಇರುತ್ತದೆ.

ಈಗ ತಾರೀಕಿನ ವಿಷಯ. ಅಂಗಡಿಯವರ "ಹತ್ತ ವರ್ಷ"ಕ್ಕೆ ಬೆಲೆ ಬಂದದ್ದೇ ತಾರೀಕಿನಿಂದ. ಕೇಬಲ್ ಟಿವಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ನಾಲ್ಕು ಹಂತದಲ್ಲಿ ದೇಶವನ್ನು ಡಿಜಿಟಲ್ ಮಾಡಲು ಹೊರಟರು. ಮೊದಲ ಹಂತ ನಾಲ್ಕು ಮಹಾನಗರ, 2012ರ ಅಕ್ಟೋಬರ್ ಕೊನೆ. ಎರಡನೆಯದು 38 ನಗರ, ಅದರಲ್ಲಿ ನಮ್ಮ ಬೆಂಗಳೂರು, ಮೈಸೂರು. ಗಡುವು 2013ರ ಮಾರ್ಚ್ 31. ಮೂರನೆಯದು ಉಳಿದ ಪಟ್ಟಣಗಳು: ಗಡುವು 2015ರ ಡಿಸೆಂಬರ್ ಅಂತ ಇದ್ದದ್ದು ಕೋರ್ಟು-ಕಚೇರಿ ಸುತ್ತಿ 2017ರ ಜನವರಿ ಕೊನೆಗೆ ಹೋಯಿತು. ನಾಲ್ಕನೆಯದು ಹಳ್ಳಿಗಳು. ಆಗಿನ್ನೂ ಜೇವರ್ಗಿ ತಾಲೂಕಿನ ಒಂದು ಊರಾಗಿದ್ದ ಯಡ್ರಾಮಿ ಬರುವುದು ಇಲ್ಲಿ. 2016ರ ಡಿಸೆಂಬರ್ 31 ಅಂತ ಇದ್ದ ಗಡುವು 2017ರ ಮಾರ್ಚ್ 31ಕ್ಕೆ ಹೋಯಿತು. ಇವು ಕಾಗದದ ಮೇಲಿನ ತಾರೀಕು. ಊರಲ್ಲಿ ನಿಜವಾಗಿ ತಂತಿ ಬದಲಾಗಿದ್ದು ಕೇಬಲ್‌ನವರ ಅನುಕೂಲದಂತೆ. ಹಾಗಾಗಿಯೇ ನಮ್ಮ ಗೆಳೆಯನ ಮನೆಯ ಚುಕ್ಕಿಗಳು ಮೇ ತಿಂಗಳವರೆಗೆ ಕಾದದ್ದು.

ಬೆಂಗಳೂರಿಗೂ ಯಡ್ರಾಮಿಗೂ ನಡುವೆ ನಾಲ್ಕು ವರ್ಷದ ಅಂತರ. 2013ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯಲ್ಲಿ ಬಾಕ್ಸ್ ಇಲ್ಲದೆ ಕುರುಡಾದ ಟಿವಿ, ಯಡ್ರಾಮಿಯಲ್ಲಿ ನೇರ ಕೇಬಲ್ ಚುಚ್ಚಿದರೆ ಚೆನ್ನಾಗೇ ಓಡುತ್ತಿತ್ತು. ಒಂದೇ ವಸ್ತು, ಎರಡು ಊರು, ಎರಡು ಬೆಲೆ. ವ್ಯಾಪಾರ ಬಲ್ಲವರು ಇಂಥ ಅಂತರ ಬಿಡುವುದಿಲ್ಲ, ಬಿಡಲೂಬಾರದು. ಪೇಟೆಯಲ್ಲಿ ಬೇಡವಾದದ್ದನ್ನು ಬೇಕಾದ ಕಡೆ ಮುಟ್ಟಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಅಂತರ ದಿನದಿನಕ್ಕೂ ಕರಗುತ್ತಿತ್ತು. 2013ರಲ್ಲಿ ಕೊಂಡವರಿಗೆ ನಾಲ್ಕು ವರ್ಷ ನೋಡಲು ಸಿಕ್ಕಿತು. 2016ರ ಡಿಸೆಂಬರಿನಲ್ಲಿ ಕೊಂಡವರಿಗೆ ಸಿಕ್ಕಿದ್ದು ನಾಲ್ಕೈದು ತಿಂಗಳು. ಹಾಲಿನ ಪಾಕೀಟಿನ ಮೇಲೆ ತಾರೀಕು ಇರುತ್ತದೆ, ಟಿವಿಯ ಬೆನ್ನ ಮೇಲೆ ಇರಲಿಲ್ಲ.

ಪೇಟೆಯಲ್ಲಿ ಇಷ್ಟು ಟಿವಿ ಒಮ್ಮೆಗೇ ಯಾಕೆ ಹೊರಬಿದ್ದವು? ಎಲ್‌ಇಡಿ ಅಗ್ಗವಾಯಿತು ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಇನ್ನೊಂದು ಕಾರಣ ನಮಗೆ ಹೆಚ್ಚು ಸ್ವಾರಸ್ಯ ಅನಿಸಿತು. ಅನಲಾಗ್ ಕೇಬಲ್ ಇದ್ದಾಗ ಹತ್ತಿಪ್ಪತ್ತು ರೂಪಾಯಿಯ ಸ್ಪ್ಲಿಟರ್ ಹಾಕಿ ಒಂದೇ ತಂತಿಯನ್ನು ಹಾಲಿಗೂ ಅಜ್ಜಿಯ ಕೋಣೆಗೂ ಎಳೆಯಬಹುದಿತ್ತು. ಅಲ್ಲಿ ಧಾರಾವಾಹಿ, ಇಲ್ಲಿ ಕ್ರಿಕೆಟ್. ಪ್ರತಿ ಟಿವಿಯೊಳಗೂ ಅದರದ್ದೇ ಟ್ಯೂನರ್ ಇತ್ತಲ್ಲ. ಬಾಕ್ಸ್ ಬಂದ ಮೇಲೆ ಟ್ಯೂನರ್ ಒಂದೇ ಆಯಿತು. ಒಂದು ಬಾಕ್ಸಿಗೆ ಒಂದೇ ಚಾನೆಲ್. ಅಜ್ಜಿಯ ಟಿವಿಗೆ ಇನ್ನೊಂದು ಬಾಕ್ಸು, ಇನ್ನೊಂದು ತಿಂಗಳ ಬಾಡಿಗೆ. ಮನೆಮನೆಯ ಎರಡನೇ ಟಿವಿ ಹೀಗೆ ಭಾರವಾಗಿ ಅಂಗಡಿ ಸೇರಿತು. ನಮ್ಮಲ್ಲಿ ಮೂವರ ಮನೆಯಲ್ಲಿ ಆದದ್ದೂ ಇದೇ.

ಇನ್ನು ಸಿಲಬಸ್ಸಿನಲ್ಲಿಲ್ಲದ ಭಾಗ. ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರಿನ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಮಾಲು ಹೇಗಿದೆ ಅಂತ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಅಂದರೆ ಏನಾಗುತ್ತದೆ ಅನ್ನುವುದು ಅದರ ವಿಷಯ. ನಮ್ಮ ಟಿವಿಗೇ ಹಚ್ಚಿ ನೋಡೋಣ. ಲೆಕ್ಕಕ್ಕೆಂದು ಅಂಕಿ ಹಿಡಿಯಿರಿ: ಅಂಗಡಿಯಲ್ಲಿ ನಾಲ್ಕು ಟಿವಿ. ಎರಡಕ್ಕೆ ಹಳದಿ ತೂತು ಇದೆ, ಟ್ಯೂಬ್ ಗಟ್ಟಿ; ನಿಜವಾದ ಬೆಲೆ 2,000. ಇನ್ನೆರಡಕ್ಕೆ ತೂತೂ ಇಲ್ಲ, ಟ್ಯೂಬೂ ಮಂಕು; ಬೆಲೆ 400. ಹೊರಗಿಂದ ನಾಲ್ಕೂ ಒಂದೇ ತರ. ವ್ಯತ್ಯಾಸ ಗೊತ್ತಿಲ್ಲದ ಗಿರಾಕಿ ಸರಾಸರಿ ಹಿಡಿದು 1,200 ಅನ್ನುತ್ತಾನೆ. ಒಳ್ಳೇ ಟಿವಿಯ ಯಜಮಾನ 1,200ಕ್ಕೆ ಯಾಕೆ ಕೊಡುತ್ತಾನೆ? ಮನೆಗೆ ಒಯ್ಯುತ್ತಾನೆ. ಉಳಿಯುವುದು ಮಂಕು ಟಿವಿಗಳು. ಅದು ಗಿರಾಕಿಗೆ ತಿಳಿಯುತ್ತಿದ್ದಂತೆ ಬೆಲೆ 400ಕ್ಕೆ ಇಳಿಯುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ತಿರುವು ಇತ್ತು. ಮಾರುವವರಿಗೂ ಎಷ್ಟೋ ಸಲ ಗೊತ್ತಿರಲಿಲ್ಲ. "ಇನ್ಮುಂದೆ ಹಳೇ ಟಿವಿ ನಡೆಯಲ್ಲಂತೆ" ಅನ್ನುವ ಮಾತು ಕೇಳಿ, ಹಳದಿ ತೂತಿನ ಗಟ್ಟಿ ಟಿವಿಗಳನ್ನೇ ಜನ ಗುಜರಿಗೆ ತೂಗಿ ಹಾಕಿದರು. ಕಲಬುರಗಿ ಕಡೆ ಗುಜರಿಗೆ ಭಂಗಾರ ಅನ್ನುತ್ತಾರೆ. ಟಿವಿಯೊಳಗಿನ ತಾಮ್ರದ ಸುರುಳಿ ಬಿಚ್ಚಿಕೊಂಡವರಿಗೆ ಆ ಹೆಸರು ಸರಿಯಾಗೇ ಹೊಂದುತ್ತದೆ. ತಾಮ್ರ ತೆಗೆದ ಮೇಲೆ ಉಳಿಯುವ ಸೀಸದ ಗಾಜು ಯಾರಿಗೂ ಬೇಡ, ಅದು ಊರ ಹೊರಗಿನ ಹಳ್ಳ ಸೇರುತ್ತದೆ. ಇ-ತ್ಯಾಜ್ಯದ ನಿಯಮ 2012ರಿಂದಲೇ ಜಾರಿಯಲ್ಲಿದೆ, ಹಳ್ಳದವರೆಗೆ ಅದು ಬಂದಿಲ್ಲ.

ಅಮೆರಿಕದಲ್ಲಿ ಇದೇ ತೊಂದರೆಗೆ ಒಂದು ಸಣ್ಣ ಚೀಟಿಯ ಮದ್ದು ಮಾಡಿದ್ದರು. ಅಲ್ಲಿ ಗಾಳಿಯಲ್ಲಿ ಬರುವ ಅನಲಾಗ್ ಪ್ರಸಾರ ನಿಂತದ್ದು 2009ರ ಜೂನ್ 12ಕ್ಕೆ. ಅದಕ್ಕೂ ಎರಡು ವರ್ಷ ಮೊದಲೇ, 2007ರ ಮೇ 25ರಿಂದ, ಅನಲಾಗ್ ಟ್ಯೂನರ್ ಮಾತ್ರ ಇರುವ ಟಿವಿ ಮಾರುವ ಅಂಗಡಿ ಅದರ ಪಕ್ಕದಲ್ಲೇ ಎಚ್ಚರಿಕೆಯ ಚೀಟಿ ಹಚ್ಚಬೇಕಿತ್ತು: ಇಂಥ ದಿನದ ನಂತರ ಇದಕ್ಕೆ ಪರಿವರ್ತಕ ಡಬ್ಬಿ ಬೇಕಾಗುತ್ತದೆ ಅಂತ. ಹಚ್ಚದ ಅಂಗಡಿಗಳಿಗೆ ದಂಡ. ಡಬ್ಬಿ ಕೊಳ್ಳಲು ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಕೂಡ ಕೊಟ್ಟರು. ಆ ಚೀಟಿ ಇದ್ದಿದ್ದರೆ ಕಲಬುರಗಿಯಲ್ಲಿ ಆ ಮಾತುಕತೆಯೇ ಬೇರೆಯಾಗಿರುತ್ತಿತ್ತು. ನಮ್ಮ ಊರುಗಳ ಅಂಗಡಿಯಲ್ಲಿ ಅಂಥ ಚೀಟಿ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ವಿಚಿತ್ರ ಅಂದರೆ, ನಮ್ಮಲ್ಲಿ ಡಿಜಿಟಲ್ ತಂದ ದೊಡ್ಡ ಕಾರಣವೂ ಇಂಥದೇ ಮುಚ್ಚುಮರೆ. ಅನಲಾಗ್ ಕಾಲದಲ್ಲಿ ಎಷ್ಟು ಮನೆಗೆ ತಂತಿ ಹೋಗಿದೆ ಅನ್ನುವುದು ಕೇಬಲ್‌ನವನಿಗೆ ಮಾತ್ರ ಗೊತ್ತು. ಚಾನೆಲ್‌ನವರಿಗೂ ತೆರಿಗೆಯವರಿಗೂ ಅವನು ಹೇಳಿದ್ದೇ ಲೆಕ್ಕ. ಪ್ರತಿ ಬಾಕ್ಸಿಗೂ ನಂಬರ್ ಇದ್ದರೆ ಆ ಕಳ್ಳಲೆಕ್ಕ ನಿಲ್ಲುತ್ತದೆ. ಅಲ್ಲಿನ ಕತ್ತಲೆ ಹೋಯಿತು, ಹಳೇ ಟಿವಿ ಅಂಗಡಿಯಲ್ಲಿ ಹೊಸ ಕತ್ತಲೆ ಬಂತು.

ಕಲಬುರಗಿ ಜಿಲ್ಲೆಗೆ ಇದು ಮೊದಲ ಸಲ ಅಲ್ಲ ಅನ್ನುವುದೂ ನಮಗೆ ಓದುವಾಗ ಸಿಕ್ಕಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋದವರು ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ಟಿವಿ ತೋರಿಸಿದರು. ಸೈಟ್ ಅಂತ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳನ್ನು. ತಂತಿ ಜಾಲರಿಯ ಹತ್ತಡಿ ಅಗಲದ ಡಿಶ್, ಅದರ ಮುಂದೆ ಇಡೀ ಊರು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿದು ಉಪಗ್ರಹ ವಾಪಸ್ ಹೋಯಿತು. ಟಿವಿ ಅಲ್ಲೇ, ಡಿಶ್ ಅಲ್ಲೇ, ಸಿಗ್ನಲ್ ಇಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೂ 2022ರ ಹೊತ್ತಿಗೆ ದೇಶದ ತುಂಬ ಬಹುಪಾಲು ಮುಚ್ಚಿದರು. ಮಾಳಿಗೆ ಮೇಲಿನ ಮೀನಿನ ಮುಳ್ಳಿನಂಥ ಆಂಟೆನಾದಲ್ಲಿ ಈಗ ಕಾಗೆ ಕೂರುತ್ತದೆ.

ಹಳೇ ಟಿವಿ ಕೊಳ್ಳುವವರು ಇವತ್ತೂ ಇದ್ದಾರೆ. ಹಳೇ ವಿಡಿಯೋ ಗೇಮಿಗೆ ಟ್ಯೂಬ್ ಟಿವಿಯೇ ಬೇಕು ಅನ್ನುವವರು ನಮ್ಮ ಹಾಸ್ಟೆಲ್ಲಿನಲ್ಲೇ ಇಬ್ಬರಿದ್ದಾರೆ. ಅವರಿಗೆ, ಊರಲ್ಲಿ ಕೊಳ್ಳುವ ಕಾಕಾ-ಮಾಮಂದಿರಿಗೆ, ರಿಪೇರಿಯವರೊಬ್ಬರು ಹೇಳಿಕೊಟ್ಟ ಮಾತು ದಾಟಿಸುತ್ತೇವೆ. ಮೊದಲು ಬೆನ್ನು ನೋಡಿ, ಆಮೇಲೆ ಮುಖ. ನೀವು ಬರುವ ಮೊದಲೇ ಹಚ್ಚಿಟ್ಟ ಟಿವಿ ನೋಡಿ ಒಪ್ಪಬೇಡಿ. ಆರಿಸಿ, ಚಹಾ ಕುಡಿದು ಬಂದು, ತಣ್ಣಗಾದ ಮೇಲೆ ಹಚ್ಚಿಸಿ. ಟ್ಯೂಬ್ ಸವೆದಿದ್ದರೆ ಬೆಳಕು ಬರಲು ಬಹಳ ಹೊತ್ತು ಹಿಡಿಯುತ್ತದೆ, ಬಣ್ಣ ಕಲೆಸಿದ ಹಾಗಿರುತ್ತದೆ. ಸವೆದ ಟ್ಯೂಬಿಗೆ ಒಂದು ಕಳ್ಳ ಚಿಕಿತ್ಸೆಯೂ ಇದೆ. ಹೀಟರಿಗೆ ಸಿಗಬೇಕಾದ್ದು 6.3 ವೋಲ್ಟ್. ಒಳಗಿನ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ತಂತಿಯ ಒಂದು ಸುತ್ತು ಹೆಚ್ಚು ಸುತ್ತಿದರೆ ಹೀಟರ್ ಹೆಚ್ಚು ಕಾಯುತ್ತದೆ, ಚಿತ್ರ ಕೆಲವು ದಿನ ಫಳಫಳ ಅನ್ನುತ್ತದೆ, ಆಮೇಲೆ ಪೂರ್ತಿ ಮಲಗುತ್ತದೆ. ಇದನ್ನು ನೋಡುವ ಆಸೆಗೆ ಹಾಸ್ಟೆಲ್ಲಿನಲ್ಲಿ ಡಬ್ಬಿ ಬಿಚ್ಚಲು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ.

ಯಡ್ರಾಮಿಯ ಲೆಕ್ಕ ಹೀಗಾಯಿತು. ಟಿವಿ 1,800. ಬಾಕ್ಸ್ 1,200. ಜೇವರ್ಗಿಯಲ್ಲಿ ಸಿಕ್ಕ ಮಾಡ್ಯುಲೇಟರ್ 300. ಮೇಲಿನ 1,500 ಹೊಂದಿಸಬೇಕಾದದ್ದು ಮೇ ತಿಂಗಳಲ್ಲಿ, ತೊಗರಿ ಬೀಜಕ್ಕೆ ಅಂತ ದುಡ್ಡು ತೆಗೆದಿಡುವ ಹೊತ್ತು. ಮೊದಲೇ ಹೇಳಿದ್ದರೆ 1,500ಕ್ಕೆ ಕೇಳಬಹುದಿತ್ತು, ಇಲ್ಲಾ ಹಳದಿ ತೂತಿನದನ್ನೇ ಆರಿಸಬಹುದಿತ್ತು. ಅಪ್ಪ ಆಮೇಲೆ ಆ ಅಂಗಡಿಗೆ ಹೋಗಿ ಕೇಳಿದರಂತೆ.

"ಹತ್ತ ವರ್ಷ ಅಂದಿದ್ರಲ್ರೀ?"

"ನಮಗೂ ಹಂಗೇ ಹೇಳಿದ್ರು ಅಣ್ಣಾರ."

ಅದು ಖರೇನೋ ಸುಳ್ಳೋ ಅಂತ ನಮ್ಮ ಗುಂಪಿನಲ್ಲಿ ಇನ್ನೂ ಜಗಳ ಇದೆ. ಟಿವಿ ಈಗ ಹೊಲದ ಮನೆಯಲ್ಲಿದೆ. ಕೇಬಲ್ ಬಿಟ್ಟು ಡಿಡಿ ಫ್ರೀ ಡಿಶ್ ಹಚ್ಚಿದ್ದಾರೆ, ತಿಂಗಳ ಬಾಡಿಗೆ ಇಲ್ಲ. ಅದೇ ಮಾಡ್ಯುಲೇಟರ್ ನಡುವೆ ಇದೆ. ಹಚ್ಚಿದರೆ ಚಿತ್ರ ಬರಲು ಎರಡು ನಿಮಿಷ ಬೇಕು.